ಗೊತ್ತಿಲ್ಲ ಎಂಬ ತಿಂಡಿ

ಮೇದಿನಿಯ ತಟ್ಟೆಯಲ್ಲಿ ದೋಸೆ ಹಿಟ್ಟಾಗಿ ಉದುರಿದ ಬೆಳಿಗ್ಗೆ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೋಡೆಗೆ ಆನಿಸಿದ ದಿಂಬಿಗೆ ಬೆನ್ನು ಕೊಟ್ಟು ಕೂತವಳು, ತಟ್ಟೆಯಲ್ಲಿದ್ದ ಹಿಟ್ಟನ್ನು ತೋರುಬೆರಳಿನಿಂದ ಸಣ್ಣ ಗುಡ್ಡೆ ಮಾಡಿದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿ, "ನೀನು ದೋಸೆ ಅಂದೆ," ಎಂದಳು. ಅಷ್ಟೇ. ಒಂಬತ್ತು ವರ್ಷದ ಮಗು ತಾಯಿಯನ್ನು ಹಾಗೆ ನೋಡಬಾರದು.

ನಮ್ಮೂರಲ್ಲಿ ಬಡಿಸಿದವರು ಹೆಸರು ಹೇಳದೆ ಯಾರೂ ತುತ್ತು ಮುರಿಯುವುದಿಲ್ಲ. ಉಣ್ಣುವವರು "ಏನಿದು?" ಎಂದು ಕೇಳಬೇಕು, ಮಾಡಿದವರು ಹೇಳಬೇಕು. ಹೇಳಿದ ಹೆಸರು ಸರಿಯಿದ್ದರೆ ಊಟ ಸಾಗುತ್ತದೆ. ತಪ್ಪಿದರೆ ರೊಟ್ಟಿ ದೋಸೆಗಳು ಹಿಟ್ಟಾಗಿ ಉದುರುತ್ತವೆ, ಸಾರು ಒಡೆದು ನೀರು ಮೇಲೆ ಬೇಳೆ ಕೆಳಗೆ ಆಗುತ್ತದೆ, ಅನ್ನ ಅಕ್ಕಿಯಾಗುತ್ತದೆ. ಎಲ್ಲ ಊರಲ್ಲೂ ಹೀಗೇ ಇರುತ್ತದೆ ಎಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ. ಹೋಟೆಲಿನ ಮಾಣಿ, "ನಿನ್ನೆ ಹಿಟ್ಟಿನ ಇಡ್ಲಿ ಎರಡು, ನೀರು ಮುಂದಾದ ಚಟ್ನಿ ಒಂದು," ಎಂದು ಕೂಗುತ್ತಲೇ ತರುತ್ತಾನೆ. ಕೇಳಿದವರು ಮುಖ ಸಿಂಡರಿಸುವುದಿಲ್ಲ. ನಿನ್ನೆಯ ಹಿಟ್ಟಿಗೆ ಹುಳಿ ಚೆನ್ನಾಗಿ ಬಂದಿರುತ್ತದೆ ಎಂದು ಅದನ್ನೇ ಕೇಳಿ ತಿನ್ನುವವರೂ ಇದ್ದಾರೆ. ಒಂದು ಮದುವೆಯಲ್ಲಿ ಅಡುಗೆಯವನೊಬ್ಬ ಗಂಡಿನ ಕಡೆಯವರ ಎದುರು ಜಂಬದಿಂದ "ತುಪ್ಪದ ಪಾಯಸ" ಅಂದದ್ದೇ, ಪಂಕ್ತಿಯ ಉದ್ದಕ್ಕೂ ಎಲೆಗಳ ಮೇಲೆ ಹಸಿ ಶಾವಿಗೆ ಬಿದ್ದುಕೊಂಡಿತ್ತು. ಆವತ್ತಿನಿಂದ ಆ ಮನುಷ್ಯ ಎಲ್ಲಿ ಅಡುಗೆಗೆ ಹೋದರೂ, "ತುಪ್ಪ ತೋರಿಸಿದ ಪಾಯಸ" ಎಂದೇ ಸಾರುತ್ತಾನೆ. ಪಾಯಸವೇನೋ ಗಟ್ಟಿಯಾಗಿ ನಿಲ್ಲುತ್ತದೆ. ಜನ ನಕ್ಕು ಎರಡನೇ ಸಲವೂ ಹಾಕಿಸಿಕೊಳ್ಳುತ್ತಾರೆ.

ಹೀಗಿರುವ ಊರಲ್ಲಿ ಮಕ್ಕಳಿಗೆ ಸೊಪ್ಪನ್ನು ರೊಟ್ಟಿಯೊಳಗೆ ಮುಚ್ಚಿಟ್ಟು ತಿನ್ನಿಸುವುದು, ಬೆಲ್ಲದಲ್ಲಿ ಅಡಗಿಸಿ ಮೆಂತ್ಯ ಕೊಡುವುದು ಯಾವ ತಾಯಿಯಿಂದಲೂ ಆಗದ ಕೆಲಸ. ನಾವೆಲ್ಲ ಸೊಪ್ಪನ್ನು ಸೊಪ್ಪೆಂದು ಕರೆದೇ ಮಕ್ಕಳನ್ನು ಬೆಳೆಸಿದ್ದೇವೆ. ಪುಸಲಾಯಿಸುತ್ತೇವೆ, ಗದರುತ್ತೇವೆ, ಕೈ ಸೋತಾಗ ಬಿಟ್ಟುಬಿಡುತ್ತೇವೆ. ನನಗೂ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ, ಮೇದಿನಿಗೆ ಜ್ವರ ಬರುವ ತನಕ.

ಜ್ವರ ಬಂತು, ಬಹಳ ದಿನ ಇತ್ತು, ಹೋಯಿತು. ಹೋಗುವಾಗ ಅವಳ ಮೈಮೇಲಿದ್ದ ಮಾಂಸವನ್ನೆಲ್ಲ ತನ್ನ ಜೊತೆ ಕಟ್ಟಿಕೊಂಡು ಹೋಯಿತು. ಕುಂಟೆಬಿಲ್ಲೆಯಲ್ಲಿ ಬೀದಿಯ ಹುಡುಗಿಯರನ್ನೆಲ್ಲ ಸೋಲಿಸುತ್ತಿದ್ದ ಕಾಲುಗಳು ಈಗ ನಿಲ್ಲಿಸಿದರೆ ನಡುಗಿ ಮಡಚಿಕೊಳ್ಳುತ್ತಿದ್ದವು. ಅಡುಗೆಮನೆಯ ಬಾಗಿಲ ಬಳಿ ಹಾಸಿಗೆ ಹಾಸಿ ಅವಳನ್ನು ಅಲ್ಲೇ ಮಲಗಿಸಿದ್ದೆ. ನಾನು ಪಾತ್ರೆ ತೊಳೆಯುತ್ತ, ಹಿಟ್ಟು ನಾದುತ್ತ, ಅವಳ ಜೊತೆ ಮಾತಾಡುತ್ತ ಇರಬಹುದಲ್ಲ ಎಂದು.

ಡಾಕ್ಟರಮ್ಮ ಅವಳ ಮೊಣಕಾಲನ್ನು ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. "ನೋಡಮ್ಮಾ ವಾರಿಜಾ, ಕಾಲಿಗೆ ರೋಗ ಇಲ್ಲ. ಬಲ ಇಲ್ಲ. ಪ್ರೋಟೀನ್ ಹೋಗ್ಬೇಕು ಹೊಟ್ಟೆಗೆ. ಹಾಲು ಕೊಟ್ರೆ ವಾಂತಿ, ಮೊಟ್ಟೆ ಆಗಲ್ಲ, ಬೇಳೆ ಕಂಡ್ರೆ ಬಾಯಿ ಮುಚ್ಕೊಳ್ತಾಳೆ ಅಂತೀಯ. ಇದನ್ನ ತಗೋ." ಕೊಟ್ಟಿದ್ದು ಒಂದು ಡಬ್ಬಿ. ಬಟಾಣಿಯಿಂದ ತೆಗೆದ ಪ್ರೋಟೀನ್ ಪುಡಿ. "ದಿನಕ್ಕೆ ನಾಲ್ಕು ಚಮಚ. ಯಾವುದ್ರಲ್ಲಾದ್ರೂ ಹಾಕು, ಒಟ್ನಲ್ಲಿ ಹೋಗ್ಬೇಕು. ಈಗ ಕಾಲಿಗೆ ಬಲ ಬರ್ದೆ ಮಲಗೇ ಇದ್ರೆ, ಆಮೇಲೆ ಕಾಲಿಗೆ ಮಲಗೋದೇ ರೂಢಿ ಆಗಿಬಿಡುತ್ತೆ." ಇದನ್ನು ಅವರು ಮೆಲ್ಲಗೇ ಹೇಳಿದರು. ನಾನು ಮನೆ ತನಕ ಆ ಒಂದು ಮಾತನ್ನೇ ಹೊತ್ತುಕೊಂಡು ಬಂದೆ.

ಪುಡಿ ಮಾಸಲು ಹಳದಿ. ನಾಲಿಗೆಗಿಟ್ಟರೆ ಹಸಿ ಬಟಾಣಿ ಸಿಪ್ಪೆಯನ್ನು ಅಗಿದ ಹಾಗೆ ಒಗರು. ಮೊದಲ ದಿನ ನಾನು ಏನೂ ಯೋಚಿಸದೆ ದೋಸೆ ಹಿಟ್ಟಿಗೆ ಸುರಿದು ಕಲಸಿದೆ. ಹಿಟ್ಟು ನೋಡನೋಡುತ್ತಿದ್ದಂತೆ ಗೋಡೆಗೆ ಮೆತ್ತುವ ಗಾರೆಯ ಹಾಗಾಯಿತು. ನೀರು ಹಾಕಿದೆ, ಕುಡಿಯಿತು. ಇನ್ನಷ್ಟು ಹಾಕಿದೆ, ಅದನ್ನೂ ಕುಡಿಯಿತು. ಕಾವಲಿಯ ಮೇಲೆ ಹುಯ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕೆಂಪು ಹತ್ತಿತು. ಹೇಗೋ ಒಂದನ್ನು ಎಬ್ಬಿಸಿ, ಬೆಣ್ಣೆ ಸವರಿ ತಟ್ಟೆಗೆ ಹಾಕಿ ತಂದೆ. ಅವಳು "ಏನಿದು?" ಅಂದಳು. ನಾನು "ದೋಸೆ" ಅಂದೆ. ಮೋಸ ಮಾಡಬೇಕು ಅಂತಲ್ಲ. ಬಾಯಿಗೆ ಬಂದದ್ದೇ ಆ ಹೆಸರು.

ಮಾರನೇ ದಿನ ಸರಿಯಾಗೇ ಹೇಳಿದೆ: "ಬಟಾಣಿ ಪುಡಿ ದೋಸೆ." ದೋಸೆ ಅಲುಗದೆ ನಿಂತಿತು. ಮೇದಿನಿ ಗೋಡೆಯ ಕಡೆ ತಿರುಗಿ ಮಲಗಿದಳು.

"ಪುಡಿ" ಎಂಬ ಮಾತೇ ಅವಳಿಗೆ ಆಗದು. ಜ್ವರದ ದಿನಗಳಲ್ಲಿ ಆಸ್ಪತ್ರೆಯ ಕಾಂಪೌಂಡರು ಒಂದು ಕಹಿ ಪುಡಿಯನ್ನು ಜೇನಿಗೆ ಕಲಸಿ, "ಸಿಹಿ ಪುಡಿ ಕಣಮ್ಮಾ, ಸಕ್ಕರೆ ಇದ್ದಂಗಿದೆ," ಎಂದು ಬಾಯಿಗೆ ಹಾಕುತ್ತಿದ್ದರು. ಔಷಧಿಗೆ ನಮ್ಮೂರ ರೀತಿ ಅನ್ವಯಿಸುವುದಿಲ್ಲ, ಅದು ಯಾವ ಹೆಸರಿಗೂ ಉದುರುವುದಿಲ್ಲ. ಜಗತ್ತಿನಲ್ಲಿ ಬಾಯಿಗಿಟ್ಟ ವಸ್ತುವೂ ಸುಳ್ಳಾಗಬಹುದು ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಆಮೇಲೆ ಪುಡಿ ಅಂದರೆ ಚಟ್ನಿಪುಡಿಯನ್ನೂ ಮುಟ್ಟಲಿಲ್ಲ.

ಪಕ್ಕದ ಬೇಕರಿಯ ತುಂಗಕ್ಕನಿಗೆ ಹೇಳಿಕೊಂಡೆ. ತುಂಗಕ್ಕ ದಪ್ಪಗಿದ್ದಾಳೆ, ಬಾಯಿಯೂ ದೊಡ್ಡದು, ಮೊಣಕೈ ತನಕ ಯಾವಾಗಲೂ ಮೈದಾ. ಅವಳ ಬೇಕರಿಯ ಹಲಗೆಯ ಮೇಲೆ "ಗಾಳಿ ಬನ್ನು" ಎಂದು ಬರೆದಿದೆ. ಬರೀ "ಬನ್ನು" ಅಂದಾಗಲೆಲ್ಲ ಉದುರುತ್ತಿತ್ತಂತೆ, ಬನ್ನಿಗಿಂತ ಗಾಳಿಯೇ ಹೆಚ್ಚಿತ್ತಲ್ಲ.

"ಪುಡಿ ಅನ್ನಬೇಡ್ವೇ, ಹಿಟ್ಟು ಅನ್ನು," ಎಂದಳು ತುಂಗಕ್ಕ. "ಬಟಾಣಿ ಹಿಟ್ಟಿನ ದೋಸೆ. ಎಷ್ಟು ಚೆನ್ನಾಗಿದೆ ಕೇಳೋಕೆ."

ಹಾಗೇ ಅಂದೆ. ಉದುರಿತು. ಇಡೀ ಕಾಳು ಬೀಸಿದರೆ ಅದು ಹಿಟ್ಟು; ಇದು ಕಾಳಿನಿಂದ ಸೆಳೆದು ತೆಗೆದದ್ದು. ನನಗೆ ಗೊತ್ತಿಲ್ಲದಿದ್ದರೂ ದೋಸೆಗೆ ಗೊತ್ತಿತ್ತು.

"ಹಂಗಾದ್ರೆ ಬಲದ ದೋಸೆ ಅನ್ನು."

ಅದನ್ನೂ ಅಂದು ನೋಡಿದೆ. ಅಂಚು ಸುತ್ತಲೂ ಉದುರಿ, ನಡುವೆ ರೂಪಾಯಿಯಗಲ ಒಂದು ಬಿಲ್ಲೆ ಉಳಿಯಿತು. ಮೇದಿನಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇಷ್ಟು ಮಾತ್ರ ನಿಜ," ಎಂದು ತಟ್ಟೆಯಲ್ಲಿ ವಾಪಸ್ಸು ಇಟ್ಟಳು. ಬಲ ಇನ್ನೂ ಬಂದಿರಲಿಲ್ಲವಲ್ಲ, ಹೆಸರು ಹೇಗೆ ನಿಂತೀತು.

ಆಮೇಲೆ ನಾನು ಎಲ್ಲವನ್ನೂ ಅಳೆದು ಮಾಡತೊಡಗಿದೆ. ಒಂದು ಬಟ್ಟಲು ದೋಸೆ ಹಿಟ್ಟಿಗೆ ಅರ್ಧ ಚಮಚ ಪುಡಿಯಾದರೆ "ದೋಸೆ" ಎಂಬ ಹೆಸರು ಸಹಿಸಿಕೊಳ್ಳುತ್ತದೆ, ಅದಕ್ಕಿಂತ ಮುಂದೆ ಹೋದರೆ ಇಲ್ಲ. ಚಪಾತಿ ಇನ್ನೂ ಸ್ವಲ್ಪ ಉದಾರಿ. ನೀರು ಹೆಚ್ಚಿಗೆ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಟ್ಟರೆ ಒಂದು ಚಮಚದಷ್ಟನ್ನು ಒಳಗೆ ಇಟ್ಟುಕೊಂಡೂ ತಾನು ಚಪಾತಿಯೇ ಎಂದು ಒಪ್ಪುತ್ತದೆ. ಆದರೆ ಮೇದಿನಿ ತಿನ್ನುವುದು ಅರ್ಧ ಚಪಾತಿ. ಪುಡಿಯನ್ನು ಬಿಸಿ ಇರುವುದಕ್ಕೆ ನೇರ ಹಾಕಿದರೆ ಗಂಟಾಗುತ್ತದೆ, ಮೊದಲು ತಣ್ಣೀರಲ್ಲಿ ಕದಡಬೇಕು. ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಹಸಿ ವಾಸನೆ ಹೋಗುತ್ತದೆ. ಹೀಗೆ ಕಲಿತದ್ದು ಬಹಳ. ಹೊಟ್ಟೆಗೆ ಹೋದದ್ದು ಚೂರೇ ಚೂರು.

ತುಂಗಕ್ಕನ ಒಲೆಯಲ್ಲಿ ಬನ್ನನ್ನೂ ಮಾಡಿ ನೋಡಿದೆವು. ಕಳಿತ ಬಾಳೆಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಮೈದಾದಲ್ಲಿ ಅರ್ಧ ತೆಗೆದು ಪುಡಿ ಹಾಕಿದೆವು. ಹೊರಗೆ ಬಂದದ್ದು ಗಾರೆ ಕೆಲಸದವರೂ ಎತ್ತಿ ನೋಡುವಂಥ ವಸ್ತು. ಆಗಲೇ ಬ್ರೆಡ್ಡಿಗೆ ಬಂದ ಮುದುಕರೊಬ್ಬರು, "ಏನಮ್ಮಾ ಇದು?" ಎಂದು ಕೇಳಿದರು. ತುಂಗಕ್ಕ ಬಾಯಿ ತಡೆಯಲಾರದೆ, "ಬಾಗಿಲಿಗೆ ಅಡ್ಡ ಇಡೋ ಕಲ್ಲು," ಅಂದುಬಿಟ್ಟಳು. ತಟ್ಟೆಯ ತುಂಬ ಹಿಟ್ಟು. ಅಷ್ಟು ಹೊತ್ತಿನ ಕೆಲಸವನ್ನು ಅವಳ ತಮಾಷೆ ಒಂದು ಚಣದಲ್ಲಿ ಉಡಾಯಿಸಿತ್ತು. ಅಪರೂಪಕ್ಕೆ ತುಂಗಕ್ಕನ ಮುಖ ಚಿಕ್ಕದಾಯಿತು. "ನನ್ನ ನಾಲಿಗೆಗೆ ಬೆಂಕಿ ಹಾಕ," ಎಂದು ತಾನೇ ಮತ್ತೆ ಕಲಸಿದಳು. ಪುಡಿ ಕಡಿಮೆ, ಬಾಳೆಹಣ್ಣು ಜಾಸ್ತಿ, ಎಣ್ಣೆ ಇನ್ನೊಂದು ಸುತ್ತು. ಕೊನೆಗೆ ಬಿಸ್ಕತ್ತು ಮಾಡಿದಾಗ ಅದು ಎಷ್ಟು ಪುಡಿ ಹಾಕಿದರೂ ಉದುರಲಿಲ್ಲ. "ಬಿಸ್ಕತ್ತು ಅನ್ನೋ ಹೆಸರು ಛತ್ರ ಇದ್ದಂಗೆ ಕಣೇ ವಾರಿಜಾ, ಯಾರು ಬಂದ್ರೂ ಒಳಗೆ ಬಿಟ್ಕೊಳ್ಳುತ್ತೆ," ಎಂದು ತುಂಗಕ್ಕ ಕುಣಿದಳು. ನಾನು ಸೆರಗಲ್ಲಿ ಕಟ್ಟಿಕೊಂಡು ಓಡಿಬಂದೆ. ಮೇದಿನಿ ಹೆಸರು ಕೇಳಿ ಒಪ್ಪಿ ಒಂದನ್ನು ಕಚ್ಚಿದಳು. ಒಣ ಪುಡಿ ಗಂಟಲಿಗೆ ಹತ್ತಿ ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಜ್ವರ ಬಿಟ್ಟ ಮೇಲೆ ಒಣಗಿದ್ದೇನನ್ನೂ ನುಂಗಲಾರಳು ಎನ್ನುವುದು ನನಗೆ ಆ ಸಂಭ್ರಮದಲ್ಲಿ ಮರೆತೇಹೋಗಿತ್ತು.

ಅವಳು ಬಿಟ್ಟದ್ದನ್ನೆಲ್ಲ ಅವಳ ಅಪ್ಪ ತಿನ್ನುತ್ತಿದ್ದರು. ಸೈಕಲ್ ಅಂಗಡಿಯಿಂದ ಕರಿ ಕೈಯಲ್ಲಿ ಬಂದು, ತೊಳೆದು ಕೂತು, "ಏನಿದು?" ಎಂದು ಕೇಳಿ, ನಾನು "ಬಟಾಣಿ ಪುಡಿ ಉಪ್ಪಿಟ್ಟು, ಬಟಾಣಿ ಪುಡಿ ರೊಟ್ಟಿ, ಮಗಳು ಕೆಮ್ಮಿದ ಬಿಸ್ಕತ್ತು," ಎಂದದ್ದನ್ನೆಲ್ಲ ತಲೆ ಬಗ್ಗಿಸಿ ತಿಂದು ಮುಗಿಸುತ್ತಿದ್ದರು. ಒಂದು ದಿನ ಅಂಗಿಯ ಗುಂಡಿ ಹಾಕಲು ಹೋಗಿ ಎದೆಗೆ ಸಾಲದೆ ನಿಂತರು. "ನೋಡೇ, ಅವಳಿಗೆ ಬರ್ಬೇಕಾದ ಬಲ ಎಲ್ಲ ನಂಗೇ ಬರ್ತಿದೆ," ಎಂದು ನಕ್ಕರು. ನಕ್ಕವರು ಅಲ್ಲೇ ಬಾಗಿಲ ಬಳಿ ಕೂತು, ನಿದ್ದೆ ಮಾಡುತ್ತಿದ್ದ ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತೊಳೆದರೂ ಹೋಗದ ಕರಿ ಎಣ್ಣೆಯ ಗುರುತು ಅವಳ ಹಿಮ್ಮಡಿಯ ಮೇಲೆ ಉಳಿದಿತ್ತು. ಸಂಜೆ ನಾನು ಒರೆಸಿದೆ.

ಒಂದು ಬೆಳಿಗ್ಗೆ ಹೀಗಾಯಿತು. ದೋಸೆ ಹಿಟ್ಟು ತಳದಲ್ಲಿ ಸ್ವಲ್ಪ ಉಳಿದಿತ್ತು. ಅದಕ್ಕೆ ಸೌತೆಕಾಯಿ ತುರಿದು ಹಾಕಿದೆ, ಶುಂಠಿ ಹಾಕಿದೆ, ತುಪ್ಪದಲ್ಲಿ ಹುರಿದ ಪುಡಿಯನ್ನು ಲೆಕ್ಕ ಬಿಟ್ಟು ಸುರಿದೆ, ಎರಡು ಹಿಡಿ ಚಿರೋಟಿ ರವೆ, ನೀರು. ಮಂದವಾಗಿ ಕಾವಲಿಗೆ ಹುಯ್ದು ಮುಚ್ಚಳ ಮುಚ್ಚಿದೆ. ಹಾಲಿನವನ ಜೊತೆ ಮಾತಾಡಿ ಬರುವಷ್ಟರಲ್ಲಿ ಅದು ಉಬ್ಬಿ, ಮೇಲೆ ತೂತು ಬಿದ್ದು, ಅಡಿಯಲ್ಲಿ ಗರಿಯಾಗಿತ್ತು. ತಟ್ಟೆಗೆ ಹಾಕಿ ತಂದಿಟ್ಟೆ. ಹೇಳಬೇಕೆಂದು ಒಂದು ಹೆಸರು ಯೋಚಿಸಿಕೊಂಡಿದ್ದೆ. ಹಾಲಿನವನ ಮಾತಿನಲ್ಲಿ ಅದು ಮರೆತುಹೋಗಿತ್ತು.

"ಏನಿದು?" ಎಂದಳು ಮೇದಿನಿ.

ನಾನು ತಟ್ಟೆ ನೋಡಿದೆ. ದೋಸೆಯಲ್ಲ. ರೊಟ್ಟಿಯಲ್ಲ. ಇಡ್ಲಿಯಂತೂ ಅಲ್ಲ. ರಾತ್ರಿ ಸರಿಯಾಗಿ ನಿದ್ದೆಯಿಲ್ಲದ ತಲೆ. "ಗೊತ್ತಿಲ್ಲ ಮಗಳೇ," ಎಂದುಬಿಟ್ಟೆ.

ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು. ನಮ್ಮೂರಲ್ಲಿ ಮಾಡಿದವಳು ತಟ್ಟೆಯ ಮುಂದೆ ನಿಂತು ಆ ಮಾತು ಆಡಬಾರದು. ಉದುರಿದರೆ ಗುಡಿಸಬಹುದು, ತನ್ನ ಕೈ ಮಾಡಿದ್ದು ತನಗೇ ಗೊತ್ತಿಲ್ಲ ಅಂದರೆ ಅದಕ್ಕಿಂತ ನಗೆಪಾಟಲು ಇನ್ನೊಂದಿಲ್ಲ. ಹೊಸ ಸೊಸೆಯರಿಗೆ ಇದನ್ನು ಮೊದಲು ಹೇಳಿಕೊಡುತ್ತಾರೆ: ಏನಾದರೂ ಒಂದು ಹೆಸರು ಹೇಳು, ಸುಮ್ಮನೆ ನಿಲ್ಲಬೇಡ. ಹಾಗಾಗಿ ಈ ಮಾತಿಗೆ ಅಡುಗೆ ನಿಲ್ಲುತ್ತದೋ ಉದುರುತ್ತದೋ ಎಂದು ಊರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಯಾರೂ ಹೇಳಿರಲೇ ಇಲ್ಲ.

ಅದು ನಿಂತಿತು. ತೂತುಗಳಿಂದ ಹಬೆ ಬಿಡುತ್ತ ತಟ್ಟೆಯಲ್ಲಿ ಗಟ್ಟಿಯಾಗಿ ಕೂತೇ ಇತ್ತು.

ಮೇದಿನಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ನಿಂಗೇ ಗೊತ್ತಿಲ್ವಾ?"

"ಇಲ್ಲ ಕಣೇ."

"ಮಾಡಿದ್ದು ನೀನೇ ತಾನೆ?"

"ನಾನೇ. ಆದ್ರೂ ಗೊತ್ತಿಲ್ಲ."

ಅವಳು ನಕ್ಕಳು. ಜ್ವರ ಬಂದಾಗಿನಿಂದ ಆ ಸದ್ದು ನಮ್ಮ ಮನೆಯಲ್ಲಿರಲಿಲ್ಲ. ನಗುತ್ತಲೇ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡು, ದೊಡ್ಡವರ ಹಾಗೆ ಕಣ್ಣು ಮುಚ್ಚಿ ಅಗಿದು, "ಇದು ಯಾವುದರ ಹಾಗೂ ಇಲ್ಲ," ಎಂದು ತೀರ್ಪು ಕೊಟ್ಟಳು. ಮುಕ್ಕಾಲು ತಿಂದಳು. ನಾನು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಾರನೇ ದಿನ ಸಂತೋಷದಿಂದ ಅದನ್ನೇ ಮಾಡಿದೆ. ಅದೇ ಸೌತೆಕಾಯಿ, ಅದೇ ಶುಂಠಿ. "ಏನಿದು?" "ಗೊತ್ತಿಲ್ಲ." ಹಬೆಯ ಸಮೇತ ಉದುರಿತು.

"ನಿಂಗೆ ಗೊತ್ತು," ಎಂದಳು ಮೇದಿನಿ. "ನಿನ್ನೆ ಮಾಡಿದ್ದನ್ನೇ ಮಾಡಿದ್ದೀಯ. ಸುಳ್ಳು ಹೇಳಿದೆ." ಈ ಸಲ ಅವಳಿಗೆ ಬೇಸರವಾಗಿರಲಿಲ್ಲ, ಆಟದಲ್ಲಿ ನನ್ನನ್ನು ಹಿಡಿದುಹಾಕಿದ ಹಾಗಿತ್ತು. "ನಾಳೆ ನಿಜವಾಗ್ಲೂ ಗೊತ್ತಿಲ್ಲದ್ದು ಮಾಡು."

ಅಲ್ಲಿಂದ ಶುರುವಾಯಿತು ನನ್ನ ಕಷ್ಟ. ಗೊತ್ತಿಲ್ಲದ್ದನ್ನು ಬೇಕೆಂದು ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಪುಡಿಯನ್ನು ಕುಂಬಳಕಾಯಿಯ ಜೊತೆ ಹಬೆಯಲ್ಲಿ ಬೇಯಿಸಿದೆ. ಅವಲಕ್ಕಿ ನೆನೆಸಿ ಅದರಲ್ಲಿ ಕಲಸಿ ಎಣ್ಣೆ ಸವರಿದ ಲೋಟದೊಳಗೆ ಬೇಯಿಸಿದೆ. ಲೋಟದಾಕಾರದಲ್ಲೇ ಹೊರಗೆ ಬಂದು ತಟ್ಟೆಯ ಮೇಲೆ ನಿಂತುಕೊಂಡಿತು. ಮೇದಿನಿ ಅದಕ್ಕೆ ನಮಸ್ಕಾರ ಮಾಡಿ ತಿಂದಳು. ಹುಳಿ ಮಜ್ಜಿಗೆಯಲ್ಲಿ, ಹಲಸಿನ ಹಣ್ಣಿನಲ್ಲಿ, ಸಬ್ಬಸಿಗೆ ಸೊಪ್ಪಿನಲ್ಲಿ. ಹೆಸರು ತಲೆಗೆ ಬರದ ಹಾಗೆ ಬೇರೆ ಏನನ್ನಾದರೂ ನೆನೆಯುತ್ತ ಕಲಸುತ್ತಿದ್ದೆ. ಒಮ್ಮೊಮ್ಮೆ ತಟ್ಟೆ ಇಡುವ ಹೊತ್ತಿಗೆ ಮನಸ್ಸು ತಾನಾಗಿ, ಇದೊಂಥರಾ ಕಡುಬು ಎಂದುಬಿಡುತ್ತಿತ್ತು. ಅಲ್ಲಿಗೆ ಆ ದಿನದ ತಿಂಡಿ ಹೋಯಿತು. ತುಂಗಕ್ಕ ಕಿಟಕಿಯಿಂದಲೇ ಕೂಗುತ್ತಿದ್ದಳು: "ಏನೇ, ಇವತ್ತು ಗೊತ್ತಾಯ್ತಾ, ಗೊತ್ತಿಲ್ವಾ?" ಬೀದಿಯಲ್ಲಿ ನನ್ನನ್ನು ಗೊತ್ತಿಲ್ಲದ ವಾರಿಜಮ್ಮ ಎಂದು ಕರೆಯಲು ಶುರುಮಾಡಿದ್ದರು. ಕರೆಯಲಿ. ನನ್ನ ಮಗಳ ಕೆನ್ನೆ ತುಂಬುತ್ತಿತ್ತು.

ಆದರೆ ಕಾಲು ಇನ್ನೂ ನಡುಗುತ್ತಿತ್ತು. ಗೋಡೆ ಹಿಡಿಸಿ ನಿಲ್ಲಿಸಿದರೆ ತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುವಳು, ಆಮೇಲೆ ನನ್ನ ಕೈಗೆ ಜೋತುಬೀಳುವಳು. ಹೊರಗೆ ಬೀದಿಯಲ್ಲಿ ಹುಡುಗಿಯರು ಬಿಲ್ಲೆ ಎಸೆಯುವ ಸದ್ದು ಕೇಳಿದಾಗ ಅವಳು ಆ ಕಡೆ ತಿರುಗುವುದನ್ನೇ ಬಿಟ್ಟಿದ್ದಳು. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೆ.

ಮತ್ತೆ ಒಂದು ದಿನ ನನಗೆ ಏನೂ ಹೊಳೆಯಲಿಲ್ಲ. ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಯಾವುದರ ಜೊತೆ ಯಾವುದು ಸೇರಿದರೆ ಏನಾಗುತ್ತದೆ ಎಂದು ಈಗ ನನಗೆ ಎಲ್ಲವೂ ಗೊತ್ತಾಗಿಹೋಗಿತ್ತು. ಮಾಡದೆ ಇರುವ ಹಾಗೂ ಇಲ್ಲ. ಕೊನೆಗೆ ದೋಸೆ ಹಿಟ್ಟಿಗೆ ಪುಡಿ ಕದಡಿ, ನೀರು ಸರಿಮಾಡಿ, ಒಂದು ದೋಸೆ ಹುಯ್ದೆ. ತಂದಿಟ್ಟು ಅವಳ ಎದುರು ನೆಲದ ಮೇಲೇ ಕೂತೆ.

"ಏನಿದು?"

"ಬಟಾಣಿ ಪುಡಿ ಹಾಕಿದ ದೋಸೆ. ಬೇರೆ ಏನೂ ಹೊಳೀಲಿಲ್ಲ ಕಂದ."

ದೋಸೆ ನಿಂತೇ ಇತ್ತು. ಮೇದಿನಿ ಗೋಡೆಯ ಕಡೆ ತಿರುಗಲಿಲ್ಲ. "ಇಷ್ಟು ದಿನಾನೂ ಅದನ್ನೇ ಹಾಕ್ತಿದ್ಯಾ?"

"ಹೂಂ."

"ಲೋಟದ್ದರಲ್ಲೂ?"

"ಅದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ."

ಅವಳು ದೋಸೆಯ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಇದನ್ನ ತಿಂದ್ರೆ ನಾನು ನಡೀತೀನಾ?" ಎಂದಳು.

ನಡೀತೀಯ, ಓಡ್ತೀಯ, ಕುಂಟೆಬಿಲ್ಲೆ ಆಡ್ತೀಯ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಆಗೆಲ್ಲ ಅವಳ ಎದುರು ತಟ್ಟೆ ಇರಲಿಲ್ಲ. ಈಗ ನಮ್ಮಿಬ್ಬರ ನಡುವೆ ಬಿಸಿ ದೋಸೆ ಇತ್ತು. ಈ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ ಅದರ ಮುಂದೆ ಆ ಮಾತು ಆಡಲು ನನ್ನ ಬಾಯಿ ಏಳಲಿಲ್ಲ.

"ಗೊತ್ತಿಲ್ಲ," ಎಂದೆ. "ಡಾಕ್ಟರಮ್ಮ ಬಲ ಬರುತ್ತೆ ಅಂತಾರೆ. ತಿನ್ನದಿದ್ರೆ ಬರಲ್ಲ ಅಂತ್ಲೂ ಅಂತಾರೆ. ನಂಗೆ ಹೆದರಿಕೆ ಆಗುತ್ತೆ, ಅದಕ್ಕೇ ಮಾಡ್ತೀನಿ. ನಿಜವಾಗ್ಲೂ ಗೊತ್ತಿಲ್ಲ ಮೇದಿನಿ."

ಇಬ್ಬರೂ ಒಟ್ಟಿಗೆ ತಟ್ಟೆಯ ಕಡೆ ನೋಡಿದೆವು. ಬೇಕೆಂದು ನೋಡಿದ್ದಲ್ಲ, ಈ ಊರಲ್ಲಿ ಹುಟ್ಟಿದ ಕಣ್ಣುಗಳು ಹಾಗೇ ಹೋಗುತ್ತವೆ. ಏನೂ ಆಗಲಿಲ್ಲ.

"ಈಗ ನೀನು ಸುಳ್ಳು ಹೇಳ್ತಿಲ್ಲ," ಎಂದಳು ಅವಳು. ನನಗೆ ಸಮಾಧಾನ ಹೇಳುವ ಹಾಗಿತ್ತು ಅವಳ ಧ್ವನಿ. ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡಳು, ಅಗಿದಳು, ಮೂಗು ಸೊಟ್ಟ ಮಾಡಿದಳು. "ದಪ್ಪ ಹುಯ್ತೀಯ ನೀನು. ಅದಕ್ಕೇ ಪುಡಿ ಪುಡಿ ಅನ್ಸುತ್ತೆ. ನಾಳೆಯಿಂದ ನಾನೇ ಹುಯ್ತೀನಿ."

ಹಾಗೆ ಅವಳು ಒಲೆಯ ಮುಂದೆ ಬಂದಳು. ಅವಳಪ್ಪ ಅಂಗಡಿಯಿಂದ ಒಂದು ಎತ್ತರದ ಸ್ಟೂಲು ತಂದು, ಕಾಲಿಡಲು ಅಡಿಯಲ್ಲಿ ಪಟ್ಟಿ ಹೊಡೆದುಕೊಟ್ಟರು. ಬೆಳಿಗ್ಗೆ ಅವಳನ್ನು ಎತ್ತಿ ಅದರ ಮೇಲೆ ಕೂರಿಸುತ್ತಿದ್ದೆ. ಪುಡಿಯನ್ನು ತಣ್ಣೀರಲ್ಲಿ ಕದಡುವುದು, ಹಿಟ್ಟಿಗೆ ಸೇರಿಸುವುದು, ನೀರು ನೋಡುವುದು ಎಲ್ಲ ಅವಳೇ. ಮೊದಮೊದಲು ಹುಯ್ದ ದೋಸೆಗಳು ಯಾವ್ಯಾವುದೋ ದೇಶದ ನಕ್ಷೆಯ ಹಾಗಿದ್ದವು. ಮಾಡಿದವಳು ಅವಳಾದ್ದರಿಂದ ಹೆಸರು ಹೇಳುವುದೂ ಅವಳೇ. "ಪುಡಿ ದೋಸೆ," ಅನ್ನುತ್ತಿದ್ದಳು, ಏನೂ ವಿಶೇಷವಿಲ್ಲದ ಹಾಗೆ. ತುಂಗಕ್ಕ ಕಿಟಕಿಯಿಂದ, "ನಂಗೊಂದು ಕಳಿಸೇ ಪುಟ್ಟಿ, ಪುಡಿ ದೋಸೆ," ಎಂದು ಕೂಗಿದರೆ, "ಗಾಳಿ ಬನ್ನು ಕೊಟ್ರೆ ಕಳಿಸ್ತೀನಿ," ಎಂದು ಇಲ್ಲಿಂದ ಉತ್ತರ. ಸ್ಟೂಲಿನ ಮೇಲೆ ಕೂತರೆ ಕಾವಲಿಯ ಆಚೆಯ ಅಂಚು ಕೈಗೆ ಎಟುಕುವುದಿಲ್ಲ ಎಂದು ಗೊಣಗಿಕೊಂಡು, ಕಟ್ಟೆ ಹಿಡಿದು ಒಂದು ಪಾದ ನೆಲಕ್ಕೆ ಊರಿ ಬಗ್ಗುತ್ತಿದ್ದಳು. ನಾನು ಹತ್ತಿರ ಹೋದರೆ, "ದಾರಿ ಬಿಡು, ಸೀಯುತ್ತೆ," ಎಂದು ಮೊಣಕೈಯಿಂದ ತಳ್ಳುವಳು. ನಾನು ದೂರ ನಿಂತು ಬೇರೆ ಕೆಲಸ ಮಾಡುವುದನ್ನು ಕಲಿತೆ. ಚಳಿಗಾಲ ಹಾಗೇ ಕಳೆಯುತ್ತ ಬಂತು.

ಒಂದು ದಿನ ನಾನು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮೇದಿನಿ ಒಲೆಯ ಕಡೆ ಮುಖ ಮಾಡಿಕೊಂಡು ತುಂಗಕ್ಕನ ಬೆಕ್ಕಿನ ಮೇಲೆ ದೂರು ಹೇಳುತ್ತಿದ್ದಳು. ಅದು ಕಿಟಕಿಯಲ್ಲಿ ಬಂದು ಬೆಣ್ಣೆಯ ಬಟ್ಟಲಿಗೆ ಬಾಯಿ ಹಾಕಿತ್ತಂತೆ. ಹೂಂಗುಟ್ಟುತ್ತ ತಲೆ ಎತ್ತಿದೆ. ಅವಳ ಬಲಗೈಯಲ್ಲಿ ದೋಸೆ ಮಗುಚುವ ಸಟ್ಟುಗ ಇತ್ತು. ಎಡಗೈಯಲ್ಲಿ ಎಣ್ಣೆಯ ಬಟ್ಟಲಿತ್ತು. ಸ್ಟೂಲು ಅವಳ ಹಿಂದೆ, ಅವಳಿಂದ ದೂರ, ಗೋಡೆಯ ಬಳಿ ಇತ್ತು. ಅವಳು ಯಾವುದಕ್ಕೂ ಆನಿಕೊಂಡಿರಲಿಲ್ಲ. ಕಟ್ಟೆಗೂ ಅವಳ ಹೊಟ್ಟೆಗೂ ನಡುವೆ ಕಿಟಕಿಯ ಬಿಸಿಲು ಹಾಯ್ದು ನೆಲಕ್ಕೆ ಬಿದ್ದಿತ್ತು.

ಬಾಗಿಲಲ್ಲಿ ಅವಳಪ್ಪ ನೀರಿನ ಕೊಡ ಹಿಡಿದು ಬಂದು ನಿಂತಿದ್ದರು. ಅವರೂ ನೋಡಿದರು. ಏನೋ ಅನ್ನಲು ಬಾಯಿ ತೆರೆದವರನ್ನು ನಾನು ಕಣ್ಣಲ್ಲೇ ತಡೆದೆ. ಕೊಡದಿಂದ ನೀರು ತುಳುಕಿ ಅವರ ಪಾದದ ಮೇಲೆ ಸುರಿಯುತ್ತಿತ್ತು, ಇಳಿಸಲಿಲ್ಲ. ಮೇದಿನಿ ಬೆಕ್ಕಿನ ಹಳೆಯ ಅಪರಾಧಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಹೇಳುತ್ತಲೇ ಇದ್ದಳು. ಕಾವಲಿಯಿಂದ ಹೊಗೆ ಏಳತೊಡಗಿತು. ಸೀಯುತ್ತಿದೆ ಎಂದು ಹೇಳಿದರೆ ಅವಳು ಗಾಬರಿಯಾದಾಳು, ಗಾಬರಿಯಾದರೆ ಕಾಲು ನೆನಪಾದೀತು. ದೋಸೆ ಸೀದರೆ ಸೀಯಲಿ. ಕಾವಲಿಯೇ ಸೀದರೂ ಸೀಯಲಿ.

"ಅಯ್ಯೋ, ಹೇಳ್ಬಾರ್ದಾ ಅಮ್ಮಾ!" ಎಂದು ಅವಳೇ ಕೂಗಿ, ಗಡಬಡಿಸಿ ದೋಸೆಯನ್ನು ಎಬ್ಬಿಸಿ, ತಿರುಗಿ, ನಾನು ಕೂತಲ್ಲಿಗೆ ನಡೆದು ಬಂದು ಅವರೆ ಸಿಪ್ಪೆಯ ಪಕ್ಕದಲ್ಲಿದ್ದ ತಟ್ಟೆಗೆ ಹಾಕಿದಳು.

ಕೇಳಲೇಬೇಕಿತ್ತು. "ಏನಿದು?"

"ದೋಸೆ," ಎಂದಳು ಮೇದಿನಿ.

ಅವಳು ಆ ಹಿಟ್ಟಿಗೆ ಪುಡಿಯನ್ನು ತುಂಬು ಚಮಚದಲ್ಲಿ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅವಳು ಮಾಡಿ, ಅವಳು ನಿಂತು, ಅವಳು ತಂದು ಹಾಕಿದ್ದು ಅವಳ ಕಣ್ಣೆದುರೇ ಉದುರಿಹೋದರೆ? ನನಗೆ ತಿಳಿಯದೆಯೇ ಎರಡೂ ಅಂಗೈ ತಟ್ಟೆಯ ಸುತ್ತ ಹೋದವು, ಹಿಟ್ಟನ್ನು ಚೆಲ್ಲದ ಹಾಗೆ ಹಿಡಿಯಲು.

ದೋಸೆ ಉದುರಲಿಲ್ಲ. ಒಂದು ಅಂಚು ಕರಿಯಾಗಿ, ನಡುವೆ ತೂತು ತೂತಾಗಿ, ತೆಳ್ಳಗೆ ಹಾಗೇ ಮಲಗಿತ್ತು. ಅವಳ ನಾಲಿಗೆಗೆ ದೋಸೆಯೆಂದರೆ ಇದೇ ಆಗಿಹೋಗಿತ್ತು, ಬೇರೆ ಹೆಸರು ಬೇಕಾಗಿರಲಿಲ್ಲ.

"ಕೈ ಯಾಕೆ ಹಂಗೆ ಇಟ್ಟಿದ್ದೀಯ? ಸೀದಿದೆ ಅಂತ ಬೈಬೇಡ, ನೀನು ಹೇಳ್ಲಿಲ್ಲ," ಎಂದಳು ಅವಳು ಸೊಂಟದ ಮೇಲೆ ಕೈಯಿಟ್ಟು, ನನ್ನ ತಲೆಗಿಂತ ಎತ್ತರದಲ್ಲಿ ನಿಂತು. "ಆರಿಹೋಗುತ್ತೆ, ತಿನ್ನು."

ತಿಂದೆ. ಕರಿಯಾದ ಅಂಚನ್ನು ಮೊದಲು ತಿಂದೆ. ಅವಳು ಆಗಲೇ ಅಪ್ಪನಿಗೊಂದು ಹುಯ್ಯಲು ಒಲೆಯ ಕಡೆ ಹೊರಟಿದ್ದಳು.